ಧ್ವನಿಪೆಟ್ಟಿಗೆಗೆ ಇಂಜೆಕ್ಷನ್: ನರ ಕತ್ತರಿಸುವ ಕಾಲದಿಂದ ಇಲ್ಲಿಯವರೆಗೆ

ಮಾತಿಗೆ ಬಾಯಿ ತೆರೆದೊಡನೆ ಧ್ವನಿತಂತುಗಳು ಒಂದನ್ನೊಂದು ಬಿಗಿಯಾಗಿ ಅದುಮಿಕೊಂಡು, ಪದದ ನಡುವೆಯೇ ಸ್ವರ ತುಂಡಾಗುವ ತೊಂದರೆಯನ್ನು ಜರ್ಮನ್ ವೈದ್ಯ ಲುಡ್ವಿಗ್ ಟ್ರಾಬೆ 1871ರಲ್ಲೇ ದಾಖಲಿಸಿದ್ದರು. ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಎಂಬ ಈ ಕಾಯಿಲೆ ಇರುವ ಹಲವರಿಗೆ ನಗುವಾಗಲೋ ಪಿಸುಗುಟ್ಟುವಾಗಲೋ ಅಷ್ಟಾಗಿ ತೊಡಕಾಗುವುದಿಲ್ಲವಾದ್ದರಿಂದ, ಇದು ಮನಸ್ಸಿನ ಸಮಸ್ಯೆ ಎಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಬೇರೂರಿತ್ತು. ರೋಗಿಗಳ ಮಟ್ಟಿಗೆ ಅದು ಕಾಯಿಲೆಗಿಂತಲೂ ಹೆಚ್ಚು ನೋಯಿಸಿದ ತೀರ್ಪು.

1976ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಹರ್ಬರ್ಟ್ ಡೆಡೊ, ಧ್ವನಿಪೆಟ್ಟಿಗೆಯ ಒಂದು ಬದಿಯ ನರವನ್ನು ಕತ್ತರಿಸಿದರೆ ಸ್ವರ ಸಡಿಲವಾಗುತ್ತದೆ ಎಂದು ವರದಿ ಮಾಡಿದರು. ದೋಷವನ್ನು ನರ–ಸ್ನಾಯುಗಳಲ್ಲಿ ಹುಡುಕಬೇಕೆಂಬ ವಾದಕ್ಕೆ ಇದರಿಂದ ಬಲ ಬಂತು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ ಅನೇಕರಲ್ಲಿ ಬಿಗಿತ ಮರುಕಳಿಸಿದ್ದನ್ನು 1983ರ ವರದಿಯೊಂದು ತೋರಿಸಿತು. ಕತ್ತರಿಸಿದ ನರವನ್ನಂತೂ ಮೊದಲಿನಂತೆ ಮಾಡುವಂತಿರಲಿಲ್ಲ.

ಆ ಹೊತ್ತಿಗೆ ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬೊಟುಲಿನಮ್ ಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ಬಳಕೆಗೆ ಬಂದಿತ್ತು. ನ್ಯೂಯಾರ್ಕಿನ ಆಂಡ್ರ್ಯೂ ಬ್ಲಿಟ್ಜರ್ 1984ರಲ್ಲಿ ಅದನ್ನು ಧ್ವನಿಪೆಟ್ಟಿಗೆಯ ಸ್ನಾಯುವಿಗೆ ಕೊಟ್ಟರು. ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನರದ ತುದಿಯಲ್ಲಿ ಬಿಡುಗಡೆಯಾಗದಂತೆ ತಡೆದು ಸ್ನಾಯುವನ್ನು ದುರ್ಬಲಗೊಳಿಸುವ ಈ ಮದ್ದಿನ ಪರಿಣಾಮ ಸಾಮಾನ್ಯವಾಗಿ ಮೂರು–ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ಬೇಸರದ ಕೆಲಸವೇ ಆದರೂ, ಪ್ರಮಾಣ ತಪ್ಪಿದರೆ ಮುಂದಿನ ಸಲ ತಿದ್ದಿಕೊಳ್ಳಬಹುದು ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಗುಣ.

ಇದಕ್ಕೆ ಆಪರೇಷನ್ ಥಿಯೇಟರ್ ಬೇಕಿಲ್ಲ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ವೈದ್ಯರು ಗಂಟಲಮಣಿಯ ಕೆಳಗೆ, ಎರಡು ಮೃದ್ವಸ್ಥಿಗಳ ನಡುವಿನ ಸಂದಿನಲ್ಲಿ ತೆಳು ಸೂಜಿಯನ್ನು ಒಳಕ್ಕೆ ಮೇಲ್ಮುಖವಾಗಿ ತೂರಿಸಿ, 'ಈ' ಎಂದು ಎಳೆದು ಹೇಳಿಸುತ್ತಾರೆ. ಸೂಜಿ ಸರಿಯಾದ ಸ್ನಾಯುವಿನಲ್ಲಿದ್ದರೆ ಅದಕ್ಕೆ ಜೋಡಿಸಿದ, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಗುರುತಿಸುವ ಇಎಮ್‌ಜಿ ಯಂತ್ರದ ಚಟಪಟ ಸದ್ದು ಒಮ್ಮೆಲೇ ಜೋರಾಗುತ್ತದೆ. ನಂತರದ ಒಂದೆರಡು ವಾರ ಸ್ವರ ಗಾಳಿಗೂಡಿ ಕ್ಷೀಣಿಸುವುದೂ, ನೀರು ಕುಡಿಯುವಾಗ ಕೆಮ್ಮು ಬರುವುದೂ ಉಂಟು.

ಧ್ವನಿತಂತುವಿನ ಪಾರ್ಶ್ವವಾಯುವಿಗೆ ಬೇಕಾದದ್ದು ಇದರ ತದ್ವಿರುದ್ಧ: ಸಡಿಲವಾದ ತಂತುವನ್ನು ಉಬ್ಬಿಸಿ ನಡುವಿಗೆ ತರಬೇಕು. ಜರ್ಮನ್ ವೈದ್ಯ ಬ್ರೂನಿಂಗ್ಸ್ 1911ರಲ್ಲಿ ಪ್ಯಾರಫಿನ್ ತುಂಬಿ ನೋಡಿದರು. 1960ರ ದಶಕದಲ್ಲಿ ಬಂದ ಟೆಫ್ಲಾನ್ ಕೆಲವರಲ್ಲಿ ಗಂಟು ಕಟ್ಟಿ ಸ್ವರವನ್ನೇ ಕೆಡಿಸಿತು. ಈಗ ಬಳಸುವ ಹಯಲುರಾನಿಕ್ ಆಮ್ಲ ತಿಂಗಳುಗಳಲ್ಲಿ ಕರಗಿಹೋಗುವುದರಿಂದ, ನರ ತಾನಾಗಿ ಚೇತರಿಸಿಕೊಳ್ಳುತ್ತದೆಯೇ ಎಂದು ಕಾಯಲು ಅವಕಾಶ ಸಿಗುತ್ತದೆ.

ಮಾತಿನ ನಡುವೆ ತಂತುಗಳು ತೆರೆದುಕೊಂಡು ಸ್ವರ ಸೋರಿಹೋಗುವ ಬಗೆಯ ಡಿಸ್ಫೋನಿಯಾ ಮಾತ್ರ ಇನ್ನೂ ಕಷ್ಟದ್ದು. ಅಲ್ಲಿ ಮದ್ದು ಕೊಡಬೇಕಾದದ್ದು ಉಸಿರಿನ ದಾರಿಯನ್ನು ತೆರೆದಿಡುವ ಸ್ನಾಯುವಿಗೇ; ಎರಡೂ ಬದಿ ಒಟ್ಟಿಗೆ ಸೋತರೆ ಉಸಿರಾಟಕ್ಕೇ ಅಪಾಯವಿರುವುದರಿಂದ ಹಲವು ವೈದ್ಯರು ಒಂದು ಬದಿಗೆ ಕೊಟ್ಟು, ಫಲಿತಾಂಶ ನೋಡಿಕೊಂಡು ಇನ್ನೊಂದಕ್ಕೆ ಹೋಗುತ್ತಾರೆ.