ಜನರೇಟರ್ ಕೊಳ್ಳುವ ಮೊದಲು ಜಾಗ ಅಳೆಯಿರಿ

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು, ಬಡಾವಣೆಯೊಂದು ರಾತ್ರಿಯೆಲ್ಲ ಕರೆಂಟಿಲ್ಲದೆ ಕಳೆದರೆ, ವಿದ್ಯುತ್ ಗುತ್ತಿಗೆದಾರನಾದ ನನಗೆ ಮರುದಿನ ಅಲ್ಲಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಸಣ್ಣದೊಂದು ಪೆಟ್ರೋಲ್ ಜನರೇಟರ್ ಕೊಳ್ಳಬೇಕು, ಎಷ್ಟು ಕೆವಿಎ ಸಾಕು? ನಾನು ಮೊದಲು ಕೇಳುವುದು ಲೋಡಿನ ಲೆಕ್ಕವನ್ನಲ್ಲ, ಅದನ್ನು ಎಲ್ಲಿಟ್ಟು ಓಡಿಸುತ್ತೀರಿ ಎಂಬುದನ್ನು. ಬಹಳಷ್ಟು ಮನೆಗಳಲ್ಲಿ ಇದಕ್ಕೆ ಸರಿಯಾದ ಉತ್ತರವೇ ಇರುವುದಿಲ್ಲ.

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಂಡು, ದೇಹಕ್ಕೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ನೆಲಕ್ಕಿಳಿಯದೆ, ಗಾಳಿ ಹೋದಲ್ಲೆಲ್ಲ ತಾನೂ ಹೋಗುತ್ತದೆ. ಹೀಗಾಗಿ ಜನರೇಟರ್ ಅನ್ನು ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ, ಅಂದರೆ ಸುಮಾರು 6 ಮೀಟರ್ ದೂರದಲ್ಲಿ, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಬಯಲಿನಲ್ಲಿ ಇಡಬೇಕು. ನಮ್ಮ ಬೆಂಗಳೂರಿನ 20x30 ಅಡಿ ನಿವೇಶನದಲ್ಲಿ ಇಡೀ ಮುಂಭಾಗದ ಅಗಲವೇ 20 ಅಡಿ. ಪಕ್ಕದಲ್ಲಿ ಬಿಟ್ಟಿರುವ ಮೂರಡಿ ಸಂದಿಗೆ ನೆರೆಮನೆಯವರ ಮಲಗುವ ಕೋಣೆಯ ಕಿಟಕಿ ತೆರೆದುಕೊಳ್ಳುತ್ತದೆ.

ಬಾಡಿಗೆ ಮನೆಗಳಿರುವ ಕಟ್ಟಡಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಡಕ್ಟ್. ಬಚ್ಚಲುಮನೆಗಳಿಗೆ ಗಾಳಿ ಬೆಳಕು ಬರಲೆಂದು ನೆಲಮಹಡಿಯಿಂದ ತಾರಸಿಯವರೆಗೆ ಬಿಟ್ಟ ಆ ಕಿರಿದಾದ ಬಾವಿಯ ತಳದಲ್ಲಿ ಜನರೇಟರ್ ಇಟ್ಟು, ಹೊರಗೆ ತಾನೆ ಇಟ್ಟಿರುವುದು ಎಂದು ಸಮಾಧಾನ ಪಟ್ಟುಕೊಂಡವರನ್ನು ಕಂಡಿದ್ದೇನೆ. ಅಂಥ ಕಟ್ಟಡವೊಂದರಲ್ಲಿ ಮೊದಲನೆಯ ಮಹಡಿಯ ಬಚ್ಚಲಿನ ವೆಂಟಿಲೇಟರ್ ಗಾಜಿನ ಪಟ್ಟಿಗಳ ಕೆಳ ಅಂಚಿಗೆ ಬೆರಳು ಸವರಿದಾಗ ಕಪ್ಪು ಮಸಿ ಬಂತು. ಮಸಿ ಒಳಗೆ ಬಂದ ದಾರಿಯಲ್ಲೇ ಕಣ್ಣಿಗೆ ಕಾಣದ ಅನಿಲವೂ ಬರುತ್ತದೆ. ಬೇಸ್‌ಮೆಂಟ್, ಮೆಟ್ಟಿಲ ಕೆಳಗಿನ ಜಾಗ, ಷಟರ್ ಅರ್ಧ ಎಳೆದ ಅಂಗಡಿ, ಗ್ರಿಲ್ ಹಾಕಿದ ಬಾಲ್ಕನಿ ಇವೂ ಅಷ್ಟೇ ಅಪಾಯದವು. ಕಿಟಕಿ ತೆರೆದಿಟ್ಟರೂ, ಫ್ಯಾನ್ ಹಾಕಿದರೂ ಅವು ಸುರಕ್ಷಿತವಾಗುವುದಿಲ್ಲ.

ಜನರೇಟರ್ ಓಡುತ್ತಿರುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಲೆನೋವು, ತಲೆಸುತ್ತು, ವಾಕರಿಕೆ ಒಟ್ಟಿಗೆ ಕಾಣಿಸಿಕೊಂಡರೆ ಕಾರಣ ಹುಡುಕುತ್ತ ಕೂರದೆ ಎಲ್ಲರೂ ಬಯಲಿಗೆ ಬಂದು 108ಕ್ಕೆ ಕರೆ ಮಾಡಬೇಕು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಲೇಬಾರದು. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಓದುವುದರಿಂದ, ವಿಷವೇರಿದ ವ್ಯಕ್ತಿಯ ಬೆರಳಿನಲ್ಲೂ 98 ಎಂದು ತೋರಿಸಬಹುದು.

ತಾರಸಿ ವಿಶಾಲವಾಗಿದ್ದು, ಮೆಟ್ಟಿಲ ಹೆಡ್‌ರೂಮಿನ ಬಾಗಿಲಿನಿಂದಲೂ ಅಕ್ಕಪಕ್ಕದ ಎತ್ತರದ ಮನೆಗಳ ಕಿಟಕಿಗಳಿಂದಲೂ ಅದೇ 20 ಅಡಿ ದೂರ ಸಿಗುವುದಾದರೆ ಅಲ್ಲಿ ಓಡಿಸಬಹುದು. ಮಳೆಯಲ್ಲಿ ಓಡಿಸಲೇಬೇಕಾದರೆ ನಾಲ್ಕೂ ಕಡೆ ತೆರೆದ ಮಾಡಿನ ಅಡಿಯಲ್ಲಿ, ಒಣಗಿದ ಸಮತಟ್ಟು ನೆಲದ ಮೇಲೆ. ಅಷ್ಟು ಜಾಗವಿಲ್ಲದವರಿಗೆ ಜನರೇಟರ್ ಬೇಡ, ಬ್ಯಾಟರಿಯ ಯುಪಿಎಸ್ ಹಾಕಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ನಾಲ್ಕು ದೀಪ, ಎರಡು ಫ್ಯಾನ್, ವೈಫೈ ನಡೆಸಲು ಎಂಜಿನ್ನಿನ ಅಗತ್ಯವೇ ಇಲ್ಲ.

ಜೋಡಣೆಯ ವಿಷಯದಲ್ಲಿ ರಾಜಿಯೇ ಸಲ್ಲದು. ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರಿನಿಂದ ಜನರೇಟರ್ ಕರೆಂಟನ್ನು ಮನೆಯ ಸಾಕೆಟ್ಟಿಗೆ ಕೊಡುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟು ಮೀಟರ್ ದಾಟಿ ಬೀದಿಯ ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕು, ಸತ್ತಿರಬೇಕಾದ 11,000 ವೋಲ್ಟ್ ಲೈನಿಗೆ ಜೀವ ಕೊಡಬಹುದು. ಆ ಹೊತ್ತಿನಲ್ಲಿ ಕಂಬದ ಮೇಲೆ ಮುರಿದ ಕೊಂಬೆ ಬಿಡಿಸುತ್ತಿರುವ ಪವರ್‌ಮ್ಯಾನ್‌ಗೆ ಇದು ಪ್ರಾಣದ ಪ್ರಶ್ನೆ. ಬೆಸ್ಕಾಂ ಸಂಪರ್ಕವೂ ಜನರೇಟರೂ ಒಟ್ಟಿಗೆ ಸೇರಲು ಅವಕಾಶವೇ ಇಲ್ಲದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಇರುವವರಿಂದ ಹಾಕಿಸಬೇಕು. ಇಲ್ಲವಾದರೆ ಬೇಕಾದ ಉಪಕರಣವನ್ನು ಮೂರು ಕೋರಿನ ದಪ್ಪ ಕೇಬಲ್ ಮೂಲಕ ನೇರವಾಗಿ ಜನರೇಟರಿಗೇ ಜೋಡಿಸಬೇಕು.

ಇನ್ನು ಪೆಟ್ರೋಲ್. ಅದು ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕಂಟಿ ಹರಿದು ದೂರದ ಕಿಡಿಯನ್ನೂ ತಲುಪುತ್ತದೆ. ಎಂಜಿನ್ ನಿಲ್ಲಿಸಿ, ಸೈಲೆನ್ಸರ್ ತಣ್ಣಗಾಗಲು ಕಾಲು ಗಂಟೆಯಾದರೂ ಬಿಟ್ಟ ಮೇಲೆಯೇ ಟ್ಯಾಂಕ್ ತುಂಬಬೇಕು. ಕತ್ತಲಲ್ಲಿ ಮೇಣದಬತ್ತಿ ಹಿಡಿದು ಪೆಟ್ರೋಲ್ ಸುರಿಯುವುದನ್ನು ಊಹಿಸಿಕೊಂಡರೂ ನನಗೆ ಮೈ ನಡುಗುತ್ತದೆ. ಬೆಂಗಳೂರಿನ ಮನೆಗಳ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್, ಸಿಲಿಂಡರ್, ವಾಷಿಂಗ್ ಮಷಿನ್ ಒಟ್ಟಿಗಿರುತ್ತವೆ; ಪೆಟ್ರೋಲ್ ತುಂಬಿದ ಜನರೇಟರನ್ನೋ ಕ್ಯಾನನ್ನೋ ಅಲ್ಲಿಡಕೂಡದು. 1934ರ ಪೆಟ್ರೋಲಿಯಂ ಕಾಯ್ದೆಯು ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಬಿಗಿ ಮುಚ್ಚಳದ ಲೋಹದ ಪಾತ್ರೆಯಾದರೆ 25 ಲೀಟರ್, ಗಾಜಿನದ್ದಾದರೆ 1 ಲೀಟರ್ ಮೀರಬಾರದು ಎಂದೂ ಹೇಳುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಅದರಲ್ಲಿ ಜಾಗವಿಲ್ಲ. ಮನೆಗೆ ಐದು ಲೀಟರೇ ಧಾರಾಳ ಎಂಬುದು ನನ್ನ ಅಭಿಪ್ರಾಯ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲ ಕಳೆದ ಮೇಲೆ ಸ್ಟಾರ್ಟ್ ಆಗದೆ ಬಂದ ಯಂತ್ರಗಳ ಕಾರ್ಬ್ಯುರೇಟರ್ ಬಿಚ್ಚಿದರೆ ಬಟ್ಟಲಿನ ತಳದಲ್ಲಿ ನೀರಿನ ಮಣಿಗಳು, ಸುತ್ತ ಬಿಳಿ ಪುಡಿ, ಪೆಟ್ರೋಲ್ ಹಾದುಹೋಗುವ ಜೆಟ್ಟಿನ ಸೂಜಿಮೊನೆಯಷ್ಟು ಸಣ್ಣ ರಂಧ್ರದಲ್ಲಿ ಕಂದು ಅಂಟು ಕಾಣುತ್ತವೆ. ತಿಂಗಳಿಗಿಂತ ಹೆಚ್ಚು ಕಾಲ ಬಳಸುವುದಿಲ್ಲವೆಂದಾದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನ ಪೆಟ್ರೋಲನ್ನು ಬಯಲಿನಲ್ಲೇ ಲೋಹದ ಕ್ಯಾನಿಗೆ ಇಳಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಇಳಿಸಿದ ಪೆಟ್ರೋಲ್ ಹಳೆಯದಾಗುವ ಮೊದಲು ಬೈಕಿಗೆ ಹಾಕಿ ಮುಗಿಸಿದರೆ ಮನೆಯಲ್ಲಿ ದಾಸ್ತಾನೂ ಉಳಿಯುವುದಿಲ್ಲ.