ಸುಸ್ತಿನ ರೋಗಕ್ಕೆ ವ್ಯಾಖ್ಯೆ ಹುಡುಕಿದ ತೊಂಬತ್ತು ವರ್ಷ

ಹುಬ್ಬಳ್ಳಿಯ ಯಾವುದೇ ದೊಡ್ಡ ದವಾಖಾನೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನ ಹೊತ್ತು ಅರ್ಧ ತಾಸು ಕುಳಿತರೆ ‘ಭಾಳ ಸುಸ್ತಾಕ್ಕೈತ್ರೀ, ಏನೂ ಮಾಡಾಕ ಆಗವಲ್ದು’ ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಅದಕ್ಕೆ ಸಿಗುವ ಉತ್ತರಗಳೂ ರೂಢಿಯವೇ: ರಕ್ತ ಕಡಿಮೆಯಾಗಿದೆ, ಥೈರಾಯ್ಡ್ ನೋಡಿಸಿ, ಒಂದು ಸಲಾಯಿನ್ ಹಚ್ಚಿಸಿಕೊಳ್ಳಿ, ಟೆನ್ಶನ್ ಮಾಡಿಕೊಳ್ಳಬೇಡಿ. ಮೊದಲೆರಡು ಉತ್ತರಗಳನ್ನು ತಳ್ಳಿಹಾಕುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಎಲ್ಲವೂ ‘ನಾರ್ಮಲ್’ ಎಂದು ವರದಿ ಬಂದ ಮೇಲೂ, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾರದ ಕೆಲವರು ಉಳಿಯುತ್ತಾರೆ. ಅವರಲ್ಲಿ ಒಂದು ಪಾಲು ಜನರಿಗೆ ಇರಬಹುದಾದ ರೋಗವನ್ನು ವೈದ್ಯಲೋಕ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಯುತ್ತದೆ. ಇತ್ತೀಚೆಗೆ ಇದಕ್ಕೆ ‘ಎಂಇ/ಸಿಎಫ್‌ಎಸ್’ ಎಂಬ ಜೋಡಿ ಹೆಸರು ಬಳಕೆಯಲ್ಲಿದೆ. ಇದನ್ನು ಗುರುತಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಹೀಗಾಗಿ ಯಾರು ರೋಗಿ, ಯಾರು ಅಲ್ಲ ಎಂಬುದು ವೈದ್ಯರು ಯಾವ ವ್ಯಾಖ್ಯೆಯನ್ನು ಮುಂದಿಟ್ಟುಕೊಂಡಿದ್ದಾರೆ ಎಂಬುದರ ಮೇಲೆಯೇ ನಿಂತಿದೆ.

ಈ ರೋಗ ಮೊದಲು ಜನರ ಕಣ್ಣಿಗೆ ಬಿದ್ದದ್ದು ಸುಸ್ತಿನ ರೂಪದಲ್ಲಿ ಅಲ್ಲ, ಸಾಂಕ್ರಾಮಿಕದ ರೂಪದಲ್ಲಿ. 1934ರಲ್ಲಿ ಲಾಸ್ ಏಂಜಲೀಸ್‌ನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ಹೊರಗೆ ಪೋಲಿಯೊ ಹಬ್ಬಿದ್ದ ಸಮಯದಲ್ಲಿ, 198 ಸಿಬ್ಬಂದಿ ಕಾಯಿಲೆ ಬಿದ್ದರು. ಆದರೆ ಅವರ ಲಕ್ಷಣಗಳು ಪೋಲಿಯೊದಂತೆ ಇರಲಿಲ್ಲ. 1948ರಲ್ಲಿ ಐಸ್‌ಲ್ಯಾಂಡಿನ ಅಕುರೇರಿ ಪಟ್ಟಣದಲ್ಲಿ ಇಂಥದ್ದೇ ಅಲೆ ಎದ್ದಿತು. 1955ರ ಬೇಸಿಗೆಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸರದಿ ಬಂತು. ಅಲ್ಲಿ 292 ಸಿಬ್ಬಂದಿಗೆ ಕಾಯಿಲೆ ತಗುಲಿತು, ಒಳರೋಗಿಗಳಲ್ಲಿ ಮಾತ್ರ ಕೇವಲ 12 ಮಂದಿಗೆ. ಜುಲೈ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಆಸ್ಪತ್ರೆಯ ಬಾಗಿಲನ್ನೇ ಮುಚ್ಚಬೇಕಾಯಿತು. ಸ್ನಾಯುನೋವು ಮತ್ತು ನರಮಂಡಲದ ತೊಂದರೆಗಳನ್ನು ಕಂಡ ವೈದ್ಯರು ಇದನ್ನು ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಎಂದು ಕರೆದರು. ಎಂಇ ಎಂಬ ಎರಡಕ್ಷರ ಬಂದದ್ದು ಅಲ್ಲಿಂದ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ರೋಗಗಳ ಪಟ್ಟಿಗೆ ಸೇರಿಸಿತು.

ಮರುವರ್ಷವೇ ಪೆಟ್ಟು ಬಿತ್ತು. 1970ರಲ್ಲಿ ಮೆಕ್‌ಈವಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ರಾಯಲ್ ಫ್ರೀಯ ಹಳೆಯ ಕಡತಗಳನ್ನು ಓದಿ, ಅದು ಸಾಮೂಹಿಕ ಹಿಸ್ಟೀರಿಯಾ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಾಯಿಲೆ ಬಿದ್ದವರನ್ನು ಅವರು ಪರೀಕ್ಷಿಸಿರಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಕಾಯಿಲೆ ಹೆಚ್ಚಾಗಿ ಕಂಡದ್ದು ಅವರ ವಾದದ ಒಂದು ಮುಖ್ಯ ಆಧಾರವಾಗಿತ್ತು. ಹದಿನೈದು ವರ್ಷದ ಹಿಂದಿನ ಕೇಸ್ ಶೀಟು ನೋಡಿ ನೂರಾರು ಸಿಬ್ಬಂದಿಯ ಕಾಯಿಲೆಯನ್ನು ಮನಸ್ಸಿನ ಆಟ ಎಂದು ತೀರ್ಮಾನಿಸುವ ಧೈರ್ಯ ಇಂದಿನ ಓದುಗರಿಗೆ ಅಚ್ಚರಿ ತರಬಹುದು. ಆದರೂ ಆ ತೀರ್ಮಾನದ ನೆರಳು ದಶಕಗಳ ಕಾಲ ಸರಿಯಲಿಲ್ಲ.

1984–85ರಲ್ಲಿ ಅಮೆರಿಕದ ನೆವಾಡಾ ರಾಜ್ಯದ ಇನ್‌ಕ್ಲೈನ್ ವಿಲೇಜ್ ಎಂಬ ಸಣ್ಣ ಊರಿನಲ್ಲಿ ರೋಗ ಮತ್ತೆ ಗುಂಪಾಗಿ ಕಂಡಾಗ ಪತ್ರಿಕೆಗಳು ಇದನ್ನು ಅನುಕೂಲಸ್ಥ ಯುವಕರ ಫ್ಲೂ ಎಂದು ಗೇಲಿ ಮಾಡಿದವು. 1988ರಲ್ಲಿ ಅಲ್ಲಿನ ರೋಗನಿಯಂತ್ರಣ ಕೇಂದ್ರದ ತಜ್ಞರು ಮೊದಲ ವ್ಯಾಖ್ಯೆಯನ್ನು ಹೊರತಂದು, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರಿಟ್ಟರು. ನರರೋಗ ಎಂದು ಪಟ್ಟಿಯಲ್ಲಿದ್ದ ಕಾಯಿಲೆ ಹೀಗೆ ಹೆಸರಿನಲ್ಲಿ ಬರೀ ದಣಿವಾಗಿ ಉಳಿಯಿತು.

ಮುಂದಿನ ತೊಡಕೆಲ್ಲ ವ್ಯಾಖ್ಯೆ ಸಡಿಲವಾದದ್ದರಿಂದ ಹುಟ್ಟಿದ್ದು. 1991ರಲ್ಲಿ ಬ್ರಿಟನ್ನಿನಲ್ಲಿ ರೂಪಿಸಿದ ಆಕ್ಸ್‌ಫರ್ಡ್ ಮಾನದಂಡಕ್ಕೆ ಆರು ತಿಂಗಳ ತೀವ್ರ ಆಯಾಸವೇ ಮುಖ್ಯ ಲಕ್ಷಣವಾಗಿತ್ತು; ಖಿನ್ನತೆಯಿಂದ ಬಳಲುವವರೂ ಅದರೊಳಗೆ ಸೇರಿಬಿಡಬಹುದಿತ್ತು. 1994ರ ಫುಕುಡಾ ಮಾನದಂಡ ಆರು ತಿಂಗಳ ಆಯಾಸದ ಜೊತೆಗೆ ಎಂಟು ಲಕ್ಷಣಗಳಲ್ಲಿ ಯಾವುದಾದರೂ ನಾಲ್ಕು ಇದ್ದರೆ ಸಾಕು ಎಂದಿತು. ಶ್ರಮದ ನಂತರದ ಕುಸಿತವೂ ಆ ಎಂಟರಲ್ಲಿ ಒಂದಾಗಿತ್ತು, ಆದರೆ ಕಡ್ಡಾಯವಾಗಿರಲಿಲ್ಲ. ಅಂದರೆ ಈ ರೋಗದ ಅತ್ಯಂತ ವಿಶಿಷ್ಟ ಗುರುತೇ ಇಲ್ಲದವರೂ ಅಧ್ಯಯನಗಳಲ್ಲಿ ರೋಗಿಗಳೆಂದು ಸೇರಿಕೊಳ್ಳುತ್ತಿದ್ದರು.

ಆ ಕುಸಿತ ಎಂಥದ್ದು ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಸಂಜೆಗೆ ಅವಳ ಸೊಂಟ ನೋಯುತ್ತದೆ, ಮೈ ಸೋಲುತ್ತದೆ. ಉಂಡು ಮಲಗಿ ಎದ್ದರೆ ಬೆಳಿಗ್ಗೆ ಮತ್ತೆ ಬುಟ್ಟಿಯ ಮುಂದೆ ಕೂಡ್ರಬಲ್ಲಳು. ಈ ರೋಗ ಇರುವವಳ ಪಾಡು ಬೇರೆ. ಮನೆಯಲ್ಲಿ ನಾಲ್ಕು ರೊಟ್ಟಿ ಬಡಿದು, ಎರಡು ಕೊಡ ನೀರು ತಂದ ದಿನ ಅವಳು ಹೇಗೋ ನಿಭಾಯಿಸಿದ್ದಾಳೆಂದೇ ತೋರಬಹುದು. ಮರುದಿನವೋ ಅದರಾಚೆಯ ದಿನವೋ ಗಂಟಲು ಕೆರೆತ, ತಲೆಭಾರ, ನಿಂತರೆ ಕಣ್ಣು ಕತ್ತಲೆ, ಬೆಳಕು ಮತ್ತು ಸಪ್ಪಳ ಸಹಿಸಲಾಗದ ಸ್ಥಿತಿ ಒಟ್ಟಿಗೆ ಬರುತ್ತವೆ. ಅಂಗಡಿಯ ಲೆಕ್ಕ ಕೂಡಿಸಲೂ ತಲೆ ಓಡುವುದಿಲ್ಲ. ಎಷ್ಟು ತಾಸು ಮಲಗಿದರೂ ನಿದ್ದೆ ದಣಿವನ್ನು ನೀಗುವುದಿಲ್ಲ. ಇದು ದಿನಗಳ, ಕೆಲವೊಮ್ಮೆ ವಾರಗಳ ಕಾಲ ನಡೆಯುತ್ತದೆ. ಮೊದಲ ದಿನ ಅವಳನ್ನು ಓಡಾಡುತ್ತಾ ನೋಡಿದ ಅತ್ತೆ ಮೂರನೆಯ ದಿನ ‘ಮೈಗಳ್ಳತನ’ ಎಂದರೆ, ಅವರಿಬ್ಬರ ನಡುವೆ ಇರುವುದು ಈ ತಡವಾಗಿ ಬರುವ ಕುಸಿತವೇ.

2003ರ ಕೆನಡಾ ಮಾನದಂಡ ಇದನ್ನು ಕಡ್ಡಾಯ ಲಕ್ಷಣವನ್ನಾಗಿ ಮಾಡಿತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅದನ್ನೇ ಇನ್ನಷ್ಟು ಸರಳಗೊಳಿಸಿತು: ಆರು ತಿಂಗಳಿಗೂ ಮೀರಿ ಹಿಂದಿನಂತೆ ಬಾಳಲಾಗದಷ್ಟು ಆಯಾಸ, ಶ್ರಮದ ನಂತರದ ಕುಸಿತ, ದಣಿವು ನೀಗದ ನಿದ್ದೆ, ಇವುಗಳ ಜೊತೆಗೆ ಬುದ್ಧಿಮಂಕು ಅಥವಾ ನಿಂತಾಗ ಹೆಚ್ಚುವ ತೊಂದರೆ, ಈ ಎರಡರಲ್ಲಿ ಒಂದಾದರೂ ಇರಬೇಕು. ಅಮೆರಿಕದಲ್ಲಿ 8.36 ಲಕ್ಷದಿಂದ 25 ಲಕ್ಷ ಜನರಿಗೆ ಈ ರೋಗ ಇರಬಹುದೆಂದೂ, ಅವರಲ್ಲಿ ಬಹುಪಾಲು ಜನರಿಗೆ ರೋಗದ ಹೆಸರೇ ತಿಳಿದಿಲ್ಲವೆಂದೂ ಆ ವರದಿ ಅಂದಾಜಿಸಿತು.

ವ್ಯಾಖ್ಯೆಯ ಈ ಜಗಳ ಪಂಡಿತರ ಮಟ್ಟದಲ್ಲೇ ಮುಗಿಯಲಿಲ್ಲ. ಬ್ರಿಟನ್ನಿನಲ್ಲಿ 641 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪೇಸ್ ಪ್ರಯೋಗ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ ರೋಗಿಗಳು ಸುಧಾರಿಸುತ್ತಾರೆ ಎಂದು ಹೇಳಿತು. ಅದು ರೋಗಿಗಳನ್ನು ಆರಿಸಿದ್ದು ಸಡಿಲವಾದ ಆಕ್ಸ್‌ಫರ್ಡ್ ಮಾನದಂಡದಿಂದ. ವ್ಯಾಯಾಮದಿಂದ ಹಾಸಿಗೆ ಹಿಡಿದೆವು ಎಂದ ರೋಗಿಗಳ ದೂರು, ಅಂಕಿಅಂಶಗಳ ಮರುಪರಿಶೀಲನೆ, ವರ್ಷಗಟ್ಟಲೆಯ ವಾದ ಎಲ್ಲ ಮುಗಿದು, 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ ಹೊಸ ಮಾರ್ಗಸೂಚಿ ಆ ಚಿಕಿತ್ಸೆಯನ್ನು ಕೈಬಿಟ್ಟಿತು. ಉಣಕಲ್ ಕೆರೆಯ ಸುತ್ತ ಬೆಳಗಿನ ವಾಕಿಂಗ್ ಮಧುಮೇಹಿಗೆ ಒಳ್ಳೆಯದೇ. ಅದೇ ಸಲಹೆಯನ್ನು ಸುಸ್ತು ಎಂದು ಬಂದವರಿಗೆಲ್ಲ ಕಣ್ಣು ಮುಚ್ಚಿ ಕೊಡುವುದು ಸರಿಯಲ್ಲ.

ನಮ್ಮ ನೆರೆಯಲ್ಲೇ ನಡೆದ ಒಂದು ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 12.1ರಷ್ಟು ಮಹಿಳೆಯರು ಆರು ತಿಂಗಳಿಗೂ ಮೀರಿದ ಆಯಾಸವನ್ನು ಹೇಳಿಕೊಂಡರು. ಹಿಮೋಗ್ಲೋಬಿನ್ ಮಟ್ಟಕ್ಕೂ ಆ ಆಯಾಸಕ್ಕೂ ನಂಟು ಕಾಣಲಿಲ್ಲ; ಸಾಲ, ಹಸಿವು, ಗಂಡನಿಂದಾಗುವ ಹಿಂಸೆ, ಮಾನಸಿಕ ಯಾತನೆಗಳ ಜೊತೆ ನಂಟು ಕಂಡಿತು. ಇದನ್ನು ಹಿಡಿದು, ನೋಡಿ, ಎಲ್ಲವೂ ಮನಸ್ಸಿನದೇ ಎನ್ನುವವರಿದ್ದಾರೆ. ಆ ಅಧ್ಯಯನ ಎಣಿಸಿದ್ದು ದೀರ್ಘಕಾಲದ ದಣಿವನ್ನು, ಈ ರೋಗವನ್ನಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಗಂಡನ ಹೊಡೆತ ತಿನ್ನುವವಳಿಗೂ ನ್ಯಾಯ ಸಿಗುವುದಿಲ್ಲ, ಎಂಇ ಇರುವವಳಿಗೂ ಸಿಗುವುದಿಲ್ಲ.

ಕೋವಿಡ್ ಬಂದ ಮೇಲೆ, ಸೋಂಕು ವಾಸಿಯಾದರೂ ತಿಂಗಳುಗಟ್ಟಲೆ ಚೇತರಿಸಿಕೊಳ್ಳದವರಲ್ಲಿ ಒಂದು ಗುಂಪು ಈ ವ್ಯಾಖ್ಯೆಗೆ ಹೊಂದುತ್ತದೆಂದು ಹಲವು ದೇಶಗಳ ವೈದ್ಯರು ಗುರುತಿಸಿದ್ದಾರೆ. ಬ್ರಿಟನ್ನಿನ ಡೀಕೋಡ್ ಎಂಇ ಅಧ್ಯಯನ 15,579 ರೋಗಿಗಳ ವಂಶವಾಹಿಗಳನ್ನು ಹೋಲಿಸಿ, ರೋಗದೊಂದಿಗೆ ನಂಟಿರುವ ಎಂಟು ತಾಣಗಳನ್ನು 2025ರಲ್ಲಿ ಪ್ರಾಥಮಿಕ ವರದಿಯಾಗಿ ಮುಂದಿಟ್ಟಿತು. ರೋಗವನ್ನು ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ.

ಗದಗ, ಹಾವೇರಿಯ ರೋಗಿಯೊಬ್ಬರಿಗೆ ಈ ಚರ್ಚೆ ಮೊದಲು ಎದುರಾಗುವುದು ಕಚೇರಿಯ ಕಾಗದದಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ದೀರ್ಘಕಾಲದ ನರರೋಗಗಳ ಅಡಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಹೆಸರುಗಳಿವೆ. 1969ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನರರೋಗಗಳ ಪಟ್ಟಿಯಲ್ಲಿರುವ ಈ ಕಾಯಿಲೆಯ ಹೆಸರು ಅಲ್ಲಿಲ್ಲ.