4 ಜಿಬಿ ರ‍್ಯಾಮ್ ಲ್ಯಾಪ್‌ಟಾಪಲ್ಲಿ ಕ್ರೋಮ್ ಸ್ಲೋ, ಬೇರೆ ಯಾವ ಬ್ರೌಸರ್ ಹಾಕ್ಲಿ?

ಈ ಪ್ರಶ್ನೆ ಕೇಳೋರು ತುಂಬಾ ಜನ. ಹಳೇ ಲ್ಯಾಪ್‌ಟಾಪು, ನಾಲ್ಕು ಟ್ಯಾಬ್ ತೆಗೆಯೋಷ್ಟರಲ್ಲಿ ಫ್ಯಾನ್ ಬುಸುಗುಟ್ಟೋಕೆ ಶುರು, ಟೈಪ್ ಮಾಡಿದ ಅಕ್ಷರ ಸ್ಕ್ರೀನ್ ಮೇಲೆ ಬರೋಕೂ ಕಾಯ್ಬೇಕು. ಕ್ರೋಮ್ ತೆಗೆದು ಎಡ್ಜ್ ಹಾಕ್ಲಾ, ಬ್ರೇವ್ ಹಾಕ್ಲಾ, ಒಪೆರಾ ಹಾಕ್ಲಾ ಅಂತ.

ಬರೀ ಹೆಸರು ಬದಲಾಯಿಸಿದ್ರೆ ನೀವು ಅಂದ್ಕೊಂಡಷ್ಟು ವ್ಯತ್ಯಾಸ ಆಗಲ್ಲ ಕಣ್ರೀ, ಯಾಕಂದ್ರೆ ಈ ಮೂರರ ಒಳಗಿರೋದೂ ಕ್ರೋಮ್‌ನಲ್ಲಿರೋ ಕ್ರೋಮಿಯಂ ಅನ್ನೋ ಬುನಾದಿ ಸಾಫ್ಟ್‌ವೇರೇ. ಎಡ್ಜ್ ಮೊದಲು ಮೈಕ್ರೋಸಾಫ್ಟ್‌ನವರ ಸ್ವಂತ ಇಂಜಿನ್ (ವೆಬ್ ಪೇಜನ್ನ ಸ್ಕ್ರೀನ್ ಮೇಲೆ ಮೂಡಿಸೋ ಭಾಗ) ಮೇಲೆ ಓಡ್ತಿತ್ತು, 2020ರ ಜನವರಿಯಲ್ಲಿ ಅವರೂ ಇಲ್ಲಿಗೇ ಬಂದ್ರು. ವಿಂಡೋಸ್‌ನಲ್ಲಿ ಬೇರೆ ಇಂಜಿನ್ ಬೇಕು ಅಂದ್ರೆ ಉಳಿದಿರೋ ದೊಡ್ಡ ಹೆಸರು ಫೈರ್‌ಫಾಕ್ಸ್ ಒಂದೇ, ಸಫಾರಿ ವಿಂಡೋಸ್‌ಗೆ ಬರೋದು 2012ಕ್ಕೇ ನಿಂತೋಯ್ತು.

ಕ್ರೋಮ್ ರ‍್ಯಾಮ್ ತಿನ್ನತ್ತೆ ಅನ್ನೋದು ನಿಜ, ಆದ್ರೆ ಅದಕ್ಕೆ ಕಾರಣನೂ ಇದೆ. ಒಂದು ಸೈಟಿನ ಡೇಟಾನ ಇನ್ನೊಂದು ಸೈಟು ಕದ್ದು ನೋಡಬಾರ್ದು ಅಂತ ಪ್ರತಿ ಸೈಟನ್ನೂ ಬೇರೆ ಬೇರೆ ಪ್ರೋಸೆಸ್‌ನಲ್ಲಿ (ಒಂದಕ್ಕೊಂದು ತಾಗದ ಪ್ರತ್ಯೇಕ ಪ್ರೋಗ್ರಾಂ ಥರ) ಕೂರಿಸತ್ತೆ. 2018ರಲ್ಲಿ ಸ್ಪೆಕ್ಟರ್ ಅನ್ನೋ ಪ್ರೊಸೆಸರ್ ದೋಷ ಹೊರಗೆ ಬಂದ್ಮೇಲೆ ಇದನ್ನ ಎಲ್ಲರ ಕಂಪ್ಯೂಟರಲ್ಲೂ ಆನ್ ಮಾಡಿದ್ರು, ಅದರಿಂದ 10ರಿಂದ 13 ಪರ್ಸೆಂಟ್ ಮೆಮೊರಿ ಜಾಸ್ತಿ ಬೇಕಾಗತ್ತೆ ಅಂತ ಗೂಗಲ್‌ನವರೇ ಹೇಳಿದ್ರು. ಹಾಗಾಗಿ ಅದನ್ನ ದಂಡ ಅನ್ನೋಕಾಗಲ್ಲ.

ದಂಡ ಆಗ್ತಿರೋದು ಬೇರೆ ಕಡೆ. ಕ್ರೋಮ್ ಓಪನ್ ಇದ್ದಾಗ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ, ಅದರದ್ದೇ ಟಾಸ್ಕ್ ಮ್ಯಾನೇಜರ್ ಬರತ್ತೆ. ನಮ್ಮ ಅಕ್ಕನ ಲ್ಯಾಪ್‌ಟಾಪಲ್ಲಿ ಹೀಗೆ ನೋಡಿದಾಗ ಓಪನ್ ಇದ್ದಿದ್ದು ಮೂರೇ ಟ್ಯಾಬು, ಲಿಸ್ಟ್ ಮಾತ್ರ ಉದ್ದಕ್ಕೆ ಇಳೀತಾ ಹೋಯ್ತು. ಒಂದೇ ಒಂದು ನ್ಯೂಸ್ ಪೇಜಿನ ಕೆಳಗೆ ಸಬ್‌ಫ್ರೇಮ್, ಸಬ್‌ಫ್ರೇಮ್ ಅಂತ ಸಾಲು ಸಾಲು (ಪೇಜಿನೊಳಗೇ ಕೂತಿರೋ ಪುಟ್ಟ ಪೇಜುಗಳು), ಪಕ್ಕದಲ್ಲಿ ಯಾವ್ಯಾವ್ದೋ ಜಾಹೀರಾತು ಕಂಪನಿ ಅಡ್ರೆಸ್ಸು. ಅಕ್ಕ ಓದ್ತಿದ್ದಿದ್ದು ಎರಡು ಪ್ಯಾರಾ ಸುದ್ದಿ, ಅದರ ಸುತ್ತ ಇದ್ದ ಆಡ್‌ಗಳಿಗೇ ಸುದ್ದಿಗಿಂತ ಜಾಸ್ತಿ ಮೆಮೊರಿ ಹೋಗ್ತಿತ್ತು.

ಅದಕ್ಕೇ ನಾನು ಹೇಳೋದು, ಹಳೇ ಮೆಷಿನ್‌ಗೆ ಬ್ರೌಸರ್ ಆರಿಸುವಾಗ ನೋಡಬೇಕಾಗಿರೋದು ಅದು ಆಡ್‌ಗಳನ್ನ ಎಷ್ಟು ಚೆನ್ನಾಗಿ ತಡೆಯೋಕೆ ಬಿಡತ್ತೆ ಅನ್ನೋದನ್ನ. ಕ್ರೋಮ್‌ಗೆ ದೊಡ್ಡ ಹೊಡೆತ ಇರೋದು ಇಲ್ಲೇ. ಎಕ್ಸ್‌ಟೆನ್ಶನ್‌ಗಳ (ಬ್ರೌಸರಿಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಂಗಳ) ರೂಲ್ಸನ್ನ ಗೂಗಲ್ ಬದಲಾಯಿಸಿದ್ರಿಂದ, ಆಡ್ ತಡೆಯೋ ಯುಬ್ಲಾಕ್ ಆರಿಜಿನ್ ಅದರಲ್ಲಿ ಈಗ ಓಡಲ್ಲ, ಲೈಟ್ ಅಂತ ಚಿಕ್ಕದೊಂದು ಇದೆ, ಅದರ ಶಕ್ತಿ ಕಮ್ಮಿ. ಫೈರ್‌ಫಾಕ್ಸಲ್ಲಿ ಪೂರ್ತಿ ಯುಬ್ಲಾಕ್ ಆರಿಜಿನ್ನೇ ಓಡತ್ತೆ, ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಲ್ಲೂ ಓಡತ್ತೆ, ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕೋಕೇ ಆಗಲ್ಲ. ಅಕ್ಕನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದೂ ಫೈರ್‌ಫಾಕ್ಸ್ ಮತ್ತು ಯುಬ್ಲಾಕ್ ಆರಿಜಿನ್ನೇ, ಅದೇ ನ್ಯೂಸ್ ಪೇಜು ಈಗ ಫ್ಯಾನ್ ಸದ್ದಿಲ್ದೆ ಓಪನ್ ಆಗತ್ತೆ.

ಫೈರ್‌ಫಾಕ್ಸಲ್ಲೂ ಕೊರತೆ ಇದೆ. ಕೆಲವು ಸೈಟ್ ಮಾಡೋರು ಕ್ರೋಮ್‌ನಲ್ಲಿ ಮಾತ್ರ ಟೆಸ್ಟ್ ಮಾಡಿ ಬಿಟ್ಬಿಡ್ತಾರೆ. ಹೋದ ವರ್ಷ ನಾನೊಂದು ಅರ್ಜಿ ತುಂಬ್ತಿದ್ದೆ, ಎಲ್ಲಾ ತುಂಬಿ ಫೋಟೋ ಅಪ್‌ಲೋಡ್ ಮಾಡೋ ಹೊತ್ತಿಗೆ ಬಟನ್ನೇ ಕೆಲಸ ಮಾಡ್ಲಿಲ್ಲ, ಎಡ್ಜಲ್ಲಿ ಮೊದಲಿಂದ ತುಂಬಿದೆ, ಆಯ್ತು. ತುಂಬಾ ಬೇಜಾರಾಗಿತ್ತು ಅವತ್ತು.

ಹಾಗಾಗಿ ಎಡ್ಜ್ ಹೇಗೂ ವಿಂಡೋಸ್ ಜೊತೆನೇ ಬಂದಿರತ್ತೆ, ಇರಲಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿಂತ್ರೂ ಅದನ್ನೇ ಕೇಳೋ ಹಳೇ ಆಫೀಸ್ ಸೈಟುಗಳಿಗೆ ಎಡ್ಜ್ ಒಳಗೆ ಐಇ ಮೋಡ್ ಅಂತ ಇದೆ, ಕಮ್ಮಿ ಅಂದ್ರೂ 2029ರವರೆಗೆ ಇರತ್ತೆ. ಬಳಸದ ಟ್ಯಾಬ್‌ಗಳನ್ನ ಮಲಗಿಸೋ ವ್ಯವಸ್ಥೆನೂ ಚೆನ್ನಾಗಿದೆ. ಆದ್ರೆ ಹೊಸ ಟ್ಯಾಬ್ ತೆಗೆದ್ರೆ ಸುದ್ದಿ, ಶಾಪಿಂಗ್, ಅದೂ ಇದೂ ಅಂತ ರಾಶಿ, ಅದನ್ನ ಸೆಟ್ಟಿಂಗ್ಸಲ್ಲಿ ಆಫ್ ಮಾಡ್ಕೊಳ್ಳಿ. ಬ್ರೇವ್‌ನಲ್ಲಿ ಆಡ್ ತಡೆಯೋದು ಒಳಗೇ ಇದೆ, ಸೆಟಪ್ ಅಂತ ತಲೆ ಕೆಡಿಸ್ಕೊಳ್ಳೋಕೆ ಇಷ್ಟ ಇಲ್ಲದೋರಿಗೆ ಅದನ್ನೇ ಹೇಳ್ತೀನಿ, ಅದರ ಕ್ರಿಪ್ಟೋ ವ್ಯಾಲೆಟ್ಟು, ರಿವಾರ್ಡ್ಸು ಮುಟ್ಟೋಕೆ ಹೋಗ್ಬೇಡಿ ಅಷ್ಟೇ.

ಬದಲಾಯಿಸೋ ಮುಂಚೆ ಒಂದು ಕೆಲಸ ಮಾಡಿ. ಹೊಸ ಬ್ರೌಸರ್ ಸೆಟ್ಟಿಂಗ್ಸಲ್ಲಿ ಇಂಪೋರ್ಟ್ ಅಂತ ಇರತ್ತೆ, ಬುಕ್‌ಮಾರ್ಕು, ಪಾಸ್‌ವರ್ಡು ಎರಡನ್ನೂ ತಂದ್ಕೊಳ್ಳಿ, ಮೇಲ್ ಲಾಗಿನ್ ಆಗತ್ತಾ ನೋಡಿ, ಆಮೇಲೆ ಹಳೇದನ್ನ ತೆಗೀರಿ.